ತೆಂಗಿನಹಾಲಿನ ಕೋಳಿ ಸಾರು

“ಬಾಗ್ಲು ಹಾಕು. ಪಕ್ಕದ ಮನೆಗೆ ವಾಸ್ನೆ ಹೋದೀತು,” ಅಂದರು ಮರುಳಸಿದ್ದಮ್ಮ.

ಕೃತಿಕಾ ಸಿಟ್ಟಿನಿಂದ ಹಿತ್ತಲ ಬಾಗಿಲಿಗೆ ಚಿಲಕ ಜಡಿದಳು. ನಿಜಲಿಂಗಪ್ಪ ಬಡಾವಣೆಯ ಈ ಮನೆಗೆ ಅವಳು ಸೊಸೆಯಾಗಿ ಬಂದಾಗಿನಿಂದ ಮೊಟ್ಟೆ ಹಾಕಿದ ಕೇಕನ್ನೂ ಹೊಸ್ತಿಲು ದಾಟಿಸದ ಅತ್ತೆ, ಇವತ್ತು ಸೆರಗು ಸಿಕ್ಕಿಸಿಕೊಂಡು ಕೋಳಿ ತೊಳೆಯುತ್ತಿದ್ದರು. ಮುಖ ಆ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು.

ಯಾರಿಗಾಗಿ? ಆ ಥಾಯ್ ಹುಡುಗಿಗಾಗಿ.

ಗಂಡ ವೀರೇಶನ ಫೋನಿನಲ್ಲಿ ಆ ನಗುಮುಖ ಕಂಡ ದಿನದಿಂದ ಕೃತಿಕಾಗೆ ನಿದ್ದೆ ಇರಲಿಲ್ಲ. ಆ ಹುಡುಗಿಯ ಕರೆ ಬಂದರೆ ಅವನು ಮಾಳಿಗೆ ಹತ್ತುತ್ತಿದ್ದ. ಕೇಳಿದರೆ, “ಅವ್ವ ಹೇಳ್ತಾಳೆ, ತಡಿ.” ಅವ್ವ ಹೇಳಿದ್ದು ಇಷ್ಟೇ: “ಬ್ಯಾಂಕಾಕಿನಿಂದ ಒಬ್ಬಾಕಿ ಬರ್ತಾಳೆ. ನಮ್ಮನ್ಯಾಗೇ ಇರ್ತಾಳೆ.”

ತೆಂಗಿನಹಾಲು ಸಣ್ಣಗೆ ಕುದಿಯತೊಡಗಿತು. ಫೋನಿನಲ್ಲಿ ಮಾಡುವ ವಿಧಾನ ನೋಡಿ ಹೇಳುವುದು ಕೃತಿಕಾಳ ಕೆಲಸ. ನಿಂಬೆಹುಲ್ಲು ಜಜ್ಜಿ ಹಾಕಬೇಕು, ಶುಂಠಿಯಂಥ ಬೇರನ್ನು ಬಿಲ್ಲೆ ಮಾಡಬೇಕು. ಸವತಿಯ ಅಡುಗೆಯನ್ನು ತಾನೇ ಓದಿ ಹೇಳುವ ಗತಿ!

“ಕೋಳಿ ಯಾಕ ಅತ್ತೆ? ಅಣಬೆ ಸಾಲ್ದೇನ್ರಿ?”

“ಆಕಿ ತಾಯಿ ಕೋಳಿ ಹಾಕೇ ಮಾಡ್ತಿದ್ಲಂತೆ. ಈಗ ಆ ತಾಯೀನೂ ಇಲ್ಲ.”

ಮೀನಿನ ಸಾಸಿನ ಬಾಟಲಿ ತೆರೆದಾಗ ಅತ್ತೆಗೆ ವಾಕರಿಕೆ ಬಂತು. ಸಿಂಕಿಗೆ ಬಾಗಿ, ಬಾಯಿ ತೊಳೆದು, ಮತ್ತೆ ಒಲೆಯ ಮುಂದೆ ನಿಂತರು.

“ಇಂಥ ಸಾರು ನಿಮಗೆ ಹೆಂಗೆ ಗೊತ್ತು?”

“ನಿಮ್ ಮಾವ ಅಕ್ಕಿ ಮಿಲ್ಲಿನ ಮಷಿನ್ ತರಾಕೆ ಅಲ್ಲಿಗೆ ಹೋಗ್ತಿದ್ರಲ್ಲ. ತೆಂಗಿನಹಾಲಿನ ಸಾರು ಭಾಳ ಚಲೋ ಇರ್ತೈತೆ ಅಂತಿದ್ರು.” ಅತ್ತೆ ಸೌಟು ತಿರುವಿದರು. “ಕೋಳಿ ವಿಷ್ಯ ಮಾತ್ರ ಹೇಳಿರ್ಲಿಲ್ಲ.”

ವೀರೇಶನ ಕರೆ ಬಂತು. ಹುಡುಗಿಯನ್ನು ಹರಿಹರ ಸ್ಟೇಷನ್ನಿನಿಂದ ನೇರ ಗುತ್ತೂರಿನ ತೋಟಕ್ಕೆ ಕರೆದೊಯ್ದಿದ್ದನಂತೆ, ಈಗ ಹೊರಟಿದ್ದಾರಂತೆ. ಮಾವನನ್ನು ಮಣ್ಣು ಮಾಡಿದ ತೋಟ! ವರ್ಷ ತುಂಬಿಲ್ಲ, ಅಲ್ಲಿ ಇವಳನ್ನು ಸುತ್ತಾಡಿಸುತ್ತಿದ್ದಾನೆ.

“ನಾಚಿಕೆ ಆಗಲ್ವೇನ್ರಿ ನಿಮ್ಮ ಮಗನಿಗೆ?”

“ಮೊದ್ಲು ಅಲ್ಲಿಗೇ ಕರ್ಕೊಂಡು ಹೋಗು ಅಂದೋಳು ನಾನು.”

ಕೃತಿಕಾಳ ತಾಳ್ಮೆ ಹರಿಯಿತು. “ಹಂಗಾದ್ರೆ ನಾನು ಮಾಯಕೊಂಡಕ್ಕೆ ಹೊಂಟೆ, ನಮ್ಮಪ್ಪನ ಮನೆಗೆ. ಆಕೀನೇ ಇಟ್ಕೊಳ್ರಿ.”

“ಹೋಗಬ್ಯಾಡ.” ಅತ್ತೆಯ ದನಿ ಒಡೆಯಿತು. “ಹೊಟ್ಟೆ ನನಗೂ ಉರೀತೈತೆ ಕಣೇ. ಆದ್ರೆ ಆ ಹುಡುಗಿದೇನು ತಪ್ಪು?”

ಕೃತಿಕಾ ಬ್ಯಾಗಿಗೆ ಸೀರೆಗಳನ್ನು ತುರುಕಿ ಪಡಸಾಲೆಗೆ ಬರುವಷ್ಟರಲ್ಲಿ ಕಾರು ಗೇಟಿಗೆ ಬಂದು ನಿಂತಿತು. ವೀರೇಶ ಇಳಿದ. ಹಿಂದೆಯೇ ಅವಳು. ಎಳೆಯ ವಯಸ್ಸು, ಅತ್ತು ಊದಿದ ಕಣ್ಣು. ಮರುಳಸಿದ್ದಮ್ಮನನ್ನು ಕಂಡವಳೇ ಕೈಮುಗಿದು ತಲೆ ತಗ್ಗಿಸಿದಳು.

ಮರುಳಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದರು. ಹುಡುಗಿಯ ಗಲ್ಲ ಹಿಡಿದೆತ್ತಿದರು. ಬಹಳ ಹೊತ್ತು ನೋಡಿದರು.

“ಹುಬ್ಬು ಅಚ್ಚು ಅವರವೇ,” ಎಂದು ಗೊಣಗಿದರು. ಆಮೇಲೆ, ತಿರುಗದೆಯೇ ಹೇಳಿದರು:

“ಕೃತಿಕಾ, ನಿನ್ ನಾದಿನಿ ಬಂದಾಳೆ. ಕಾಲಿಗೆ ನೀರು ಕೊಡು.”