ಎರಡು ಮುಖದ ಪೆಡಲ್

ಚೀಲದಿಂದ ಬೂಟುಗಳನ್ನು ಹೊರತೆಗೆಯುವ ಮುನ್ನ ಮೂವತ್ತರ ಆಸುಪಾಸಿನ ಆ ಹೆಂಗಸು ಎರಡು ಸಲ ಬೀದಿಯ ಕಡೆ ನೋಡಿದಳು.

"ನಾನು ಇಲ್ಲಿಗೆ ಬಂದಿದ್ದು ಯಾರಿಗೂ ಗೊತ್ತಾಗಬಾರದು," ಎಂದಳು.

ಸೈಕಲ್ ರಿಪೇರಿಯವನ ಕಿವಿ ನೆಟ್ಟಗಾಯಿತು. ಇಪ್ಪತ್ತೆರಡು ವರ್ಷದಿಂದ ಅದೇ ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದವನು. ಗಿರಾಕಿಗಳು ಅವನನ್ನು ಡಾಕ್ಟರು ಎನ್ನುತ್ತಿದ್ದರು. ಚೈನು ಮುಟ್ಟಿದರೆ ಸಾಕು, ಸವಾರನ ಸ್ವಭಾವ ಹೇಳಿಬಿಡುತ್ತೇನೆಂಬ ಹೆಮ್ಮೆ ಅವನಿಗೆ. ಎದುರಿನವರು ಮಾತು ಮುಗಿಸುವವರೆಗೆ ಕಾಯುವುದು ಮಾತ್ರ ಅವನ ಜಾಯಮಾನದಲ್ಲೇ ಇರಲಿಲ್ಲ.

ಬೂಟನ್ನು ಮಗುಚಿ ನೋಡಿದ. ಅಟ್ಟೆಯಲ್ಲಿ ಹೆಬ್ಬೆರಳಿನಷ್ಟು ಉಕ್ಕಿನ ಕ್ಲೀಟು. ಪೆಡಲ್ಲಿನ ಕೊಕ್ಕೆಗೆ ಕಟಕ್ಕನೆ ಕಚ್ಚಿಕೊಳ್ಳುವಂಥದ್ದು. ಎಡಗಾಲಿನದರ ಹೊರ ಅಂಚು ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು.

"ಮನೆಯವರದಾ?"

"ಹೂಂ, ಮನೆಯವರದೇ. ಅವರು..."

"ಹೇಳಬೇಡಿ, ಬೂಟೇ ಹೇಳ್ತಿದೆ. ಸಿಗ್ನಲ್‌ನಲ್ಲಿ ಬ್ರೇಕ್ ಹಾಕ್ತಾರೆ, ಕಾಲು ಬಿಡಿಸಿಕೊಳ್ಳೋದು ಮರೀತಾರೆ, ನಿಂತಲ್ಲೇ ಎಡಕ್ಕೆ ಉರುಳ್ತಾರೆ. ಎಷ್ಟು ಸಲ ಆಯ್ತು?"

ಅವಳು ಕಣ್ಣರಳಿಸಿದಳು. "ಮೂರು."

"ಪಾದ ಚಿಕ್ಕದು. ಆಳು ಗಿಡ್ಡ. ಹಟ ಜಾಸ್ತಿ."

"ಅಯ್ಯೋ, ಹಟ ಅಂದ್ರೆ ಹಟ! ಸೈಕಲ್ ಬೇಡ ಅಂದ್ರೆ ಮೂರು ದಿನ ಮಾತು ಬಿಡ್ತಾರೆ. ಅಡುಗೆಮನೇಲಿ ಪಾತ್ರೆಗಳದ್ದೇ ಸದ್ದು."

"ಅಡುಗೇನೂ ಮಾಡ್ತಾರಾ? ಪುಣ್ಯವಂತೆ ಕಣಮ್ಮ ನೀವು."

"ಅದೇನೋ ನಿಜ," ಎಂದಳು ಅವಳು. ತುಟಿಯಂಚಿನಲ್ಲಿ ನಗು ಸುಳಿದು ಮಾಯವಾಯಿತು. "ಆದ್ರೆ ಕೋರ್ಟಲ್ಲಿ ಟೈಪಿಂಗ್ ಕೆಲಸ ಅವರದು. ಬಿದ್ದಾಗೆಲ್ಲ ಅದೇ ಮಣಿಕಟ್ಟು ಊರ್ತಾರೆ. ಇನ್ನೊಂದು ಸಲ ಬಿದ್ರೆ ಟೈಪಿಂಗ್ ಮರೆತುಬಿಡಿ ಅಂದಿದ್ದಾರೆ ಡಾಕ್ಟರು."

"ಯಾವ ಡಾಕ್ಟರು?"

"ನಿಜವಾದ ಡಾಕ್ಟರು."

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಹಲಗೆಯ ಮೇಲೆ ಮೂರು ಪೆಡಲ್ ಸಾಲಾಗಿಟ್ಟ.

"ಇದು ಎರಡೂ ಕಡೆ ಚಪ್ಪಟೆ. ಚಪ್ಪಲಿ ಹಾಕಿ ಕೋರ್ಟಿಗೆ ಹೋಗೋಕೆ ಸರಿ, ಭಾನುವಾರ ಊರಾಚೆ ಸವಾರಿ ಹೋದ್ರೆ ಈ ಬೂಟಿಗೆ ಕಚ್ಚಿಕೊಳ್ಳೋಕೆ ಏನೂ ಇಲ್ಲ. ಇದು ಎರಡೂ ಕಡೆ ಕೊಕ್ಕೆ. ಈಗಿರೋದು ಇದೇ ತಾನೆ? ಚಪ್ಪಲಿ ಹಾಕಿ ತುಳಿದ್ರೆ ಗೋಲಿ ಮೇಲೆ ನಿಂತ ಹಾಗೆ. ಇದು ನೋಡಿ, ಒಂದು ಮುಖ ಚಪ್ಪಟೆ, ಇನ್ನೊಂದು ಮುಖಕ್ಕೆ ಕೊಕ್ಕೆ."

ಅವಳು ಮೂರನೆಯದನ್ನು ಕೈಯಲ್ಲಿ ತಿರುಗಿಸಿದಳು. "ಯಾವ ಮುಖ ಮೇಲಿದೆ ಅಂತ ಬಗ್ಗಿ ನೋಡ್ತಾ ನಿಂತ್ರೆ, ಹಿಂದಿನ ಬಸ್ಸಿನವನು ಸುಮ್ನಿರ್ತಾನಾ?"

ಇಂಥ ಪ್ರಶ್ನೆಯನ್ನು ಯಾವ ಸವಾರನೂ ಕೇಳಿರಲಿಲ್ಲ. ಡಾಕ್ಟರು ಮೊದಲ ಬಾರಿಗೆ ಯೋಚಿಸಿ ಮಾತಾಡಿದ.

"ಊರೊಳಗೆ ಬೂಟಿದ್ರೂ ಚಪ್ಪಟೆ ಮುಖದ ಮೇಲೇ ಕಾಲು. ಊರು ದಾಟಿದ ಮೇಲೆ ಕೊಕ್ಕೆ. ಅದರ ಸ್ಪ್ರಿಂಗನ್ನೂ ಪೂರ್ತಿ ಸಡಿಲ ಮಾಡಿಕೊಡ್ತೀನಿ. ಹಿಮ್ಮಡಿ ಚೂರು ಹೊರಗೆ ತಿರುಗಿಸಿದ್ರೆ ಸಾಕು, ಕಾಲು ಬಿಟ್ಕೊಳ್ಳತ್ತೆ."

ಅವಳ ಮುಖ ಹಗುರಾಯಿತು. "ಒಂದೇ ಮಾತು. ಮಗನಿಗೆ ಗೊತ್ತಾಗಬಾರದು. ಬಿದ್ದ ವಿಷಯ ಕಿವಿಗೆ ಬಿದ್ರೆ ಮನೇನೇ ತಲೆ ಮೇಲೆ ಹೊತ್ಕೊಳ್ತಾನೆ."

"ಪಾಪ, ಚಿಕ್ಕವನೇನೋ."

"ಬುದ್ಧಿ ಇನ್ನೂ ಚಿಕ್ಕದೇ," ಎಂದು ಅವಳು ಬೂಟುಗಳನ್ನು ಚೀಲಕ್ಕೆ ತುಂಬಿಕೊಂಡಳು. "ಶನಿವಾರ ಕಳಿಸ್ತೀನಿ. ನೀವೇ ಆರಿಸಿಕೊಟ್ಟ ಹಾಗೆ ಹೇಳಿ. ನಾನು ಹೇಳಿದ್ರೆ ಕೇಳಲ್ಲ."

"ಬಿಡಿ ನನಗೆ. ಗಂಡಸರನ್ನ ದಾರಿಗೆ ತರೋದು ನನಗೆ ಗೊತ್ತು."

ಶನಿವಾರ ಬೆಳಿಗ್ಗೆ ಅಂಗಡಿಗೆ ಸೈಕಲ್ಲು ತಳ್ಳಿಕೊಂಡು ಬಂದವನು ಆರಡಿ ಎತ್ತರದ ಆಸಾಮಿ. ಹ್ಯಾಂಡಲ್ಲಿಗೆ ಅದೇ ಬೂಟಿನ ಚೀಲ ತೂಗುತ್ತಿತ್ತು. ಪಾದಗಳು ದೋಣಿಯಂತಿದ್ದವು. ಗಿಡ್ಡ ಎಂಬ ತನ್ನ ಲೆಕ್ಕ ತಪ್ಪಿದ್ದಕ್ಕೆ ಡಾಕ್ಟರಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಅವನು ಅಂಥದ್ದಕ್ಕೆಲ್ಲ ನಿಲ್ಲುವವನಲ್ಲ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ನಿಮ್ಮ ಹೆಂಡತಿ ಬಂದಿದ್ರು."

"ನನ್ನ ಹೆಂಡತಿನಾ? ಇಲ್ಲಿಗಾ?"

"ಬೈಬೇಡಿ ಅವರಿಗೆ. ಅಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು. ನೀವು ನೋಡಿದ್ರೆ ಸಿಗ್ನಲ್ ಸಿಗ್ನಲ್‌ನಲ್ಲಿ ಉರುಳ್ತೀರಿ, ಅವರು ಮನೇಲಿ ಕೂತು ನಿಮ್ಮ ಮಣಿಕಟ್ಟಿಗೆ ಕಣ್ಣೀರು ಹಾಕ್ತಾರೆ."

ಆ ಮನುಷ್ಯ ತನ್ನ ಎರಡೂ ಮಣಿಕಟ್ಟುಗಳನ್ನು ನೋಡಿಕೊಂಡ. "ಯಾರು ಉರುಳಿದ್ದು?"

"ಇದೇ ನೋಡಿ ಗಂಡಸರ ಬುದ್ಧಿ!" ಡಾಕ್ಟರು ಸ್ಪ್ಯಾನರು ಝಳಪಿಸಿದ. "ಈ ಸೈಕಲ್ಲಿನ ಸವಾರರು ಮೂರು ಸಲ ಬಿದ್ದಿದ್ದಾರೆ ಸ್ವಾಮಿ, ಮೂರು ಸಲ! ಮುಚ್ಚಿಟ್ರೆ ನನಗೆ ಗೊತ್ತಾಗಲ್ವಾ?"

ಆಸಾಮಿಯ ಮುಖದ ಬಣ್ಣ ಇಳಿಯಿತು. ಹ್ಯಾಂಡಲ್ಲಿಗೆ ತೂಗುತ್ತಿದ್ದ ಬೂಟಿನ ಚೀಲದ ಕಡೆ ನೋಡಿದ.

ನಾಟಿತು ಎಂದುಕೊಂಡ ಡಾಕ್ಟರು. ಪಾಪ ಅನ್ನಿಸಿತು. ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿದ.

"ಹೆದರಬೇಡಿ. ಮಗನಿಗೆ ಮಾತ್ರ ಗೊತ್ತಾಗಬಾರದು ಅಂದಿದ್ದಾರೆ. ನನ್ನ ಬಾಯಿಂದ ಒಂದು ಸೊಲ್ಲೂ ಹೊರಗೆ ಬರಲ್ಲ."

ಆ ಮನುಷ್ಯ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ಅಲ್ಲಿ, ನೆರೆತ ತಲೆಯ ಮೇಲಿನ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ ಒಬ್ಬ ಗಿಡ್ಡನೆಯ ಹೆಂಗಸು ಆಗಷ್ಟೇ ಮೆಟ್ಟಿಲು ಹತ್ತುತ್ತಿದ್ದರು.

"ಅಮ್ಮಾ," ಎಂದ ಅವನು, "ಮೂರು ಸಲಾನಾ?"