ತೊಳೆದ ಬಾಟಲಿಗಳು

ಬರ್ಗಂಡಿಯಲ್ಲಿ ದ್ರಾಕ್ಷಿ ಕೊಯ್ಲು ಅರ್ಧ ಮುಗಿದಿತ್ತು. ನೆಲಮಾಳಿಗೆಯಲ್ಲಿ ಪ್ಯಾರಿಸ್ಸಿನ ವ್ಯಾಪಾರಿ ಬಾಟಲಿಯೊಂದನ್ನು ದೀಪಕ್ಕೆ ಹಿಡಿದು ತಿರುಗಿಸಿದ. ಗಾಸ್ಪಾರನ ಅಪ್ಪ ಕೂಡಿಟ್ಟ ಹಳೆಯ ವೈನು ಅದು. ಮಾರಾಟವಾದರೆ ತಂಗಿಯ ಪಾಲಿನ ತೋಟವನ್ನು ಗಾಸ್ಪಾರನೇ ಕೊಳ್ಳಬಹುದಿತ್ತು. ಇಲ್ಲವಾದರೆ ಆ ತೋಟ ಹೊರಗಿನವರ ಕೈಸೇರುತ್ತಿತ್ತು.

"ಲೇಬಲ್ ಎಲ್ಲಿ?"

"ಬೂಸ್ಟು ಹಿಡಿದಿತ್ತು ಸ್ವಾಮಿ," ಎಂದಳು ಗಾಸ್ಪಾರನ ಪಕ್ಕ ನಿಂತಿದ್ದ ಅವನ ಹೆಂಡತಿ ಓಡಿಲ್. "ನೀವು ಬರ್ತೀರಂತ ಎಲ್ಲಾನೂ ಬಿಸಿನೀರಲ್ಲಿ ಉಜ್ಜಿ ತೊಳೆದೆ."

ವ್ಯಾಪಾರಿ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ. "ನಮ್ಮ ಗಿರಾಕಿಗಳು ಲೇಬಲ್ ನೋಡಿ ದುಡ್ಡು ಹಾಕೋದಮ್ಮ."

"ಒಳಗಿರೋದು ಅದೇ ವೈನಲ್ವಾ? ಬೇಕಾದ್ರೆ ಕುಡಿದು ನೋಡಿ."

"ಇದನ್ನ ಕೊಂಡು ಕೂಡಿಡ್ತಾರೆ, ಕುಡಿಯೋರು ಯಾರಿದ್ದಾರಮ್ಮ?"

ಗಾಸ್ಪಾರನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ತಂಗಿಯ ಪಾಲಿನ ಬಳ್ಳಿಸಾಲುಗಳಲ್ಲಿ ದ್ರಾಕ್ಷಿ ಕೊಯ್ದವರು ಹೊರಗೆ ಊಟಕ್ಕೆ ಕೂತಿದ್ದರು. ಅವನು ಎರಡು ಬಾಟಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದ.

"ಓಡಿಲ್, ಲೋಟ ತಗೊಂಡು ಬಾರೇ. ಅವರಿಗೆ ಬಾಯಾರಿರುತ್ತೆ."