ನೀಲಿ ಕೈ

ಬಣ್ಣದ ಕಾರ್ಖಾನೆಯಲ್ಲಿ ದುಡಿದವರ ಹೆಣವನ್ನು ನೇರವಾಗಿ ಹೂಳುವಂತಿರಲಿಲ್ಲ. ಒಂಬತ್ತು ದಿನ ಅಣಬೆಮನೆಯಲ್ಲಿ ಮಲಗಿಸಿ, ಮೈಗಿಳಿದ ಬಣ್ಣವನ್ನೆಲ್ಲ ಬಿಳಿ ಅಣಬೆಗೆ ತಿನ್ನಿಸಬೇಕಿತ್ತು. ಹತ್ತನೆಯ ದಿನ ಸಂಗವ್ವ ಅಪ್ಪನನ್ನು ಒಯ್ಯಲು ಬಂದಳು. ಕಾವಲಿನ ಹುಚ್ಚಪ್ಪ ಅಣಬೆ ಬೆಳೆಯಲೆಂದು ಹೆಣಕ್ಕೆ ಹೊದಿಸಿದ್ದ ತೊಯ್ದ ಕಬ್ಬಿನ ಸಿಪ್ಪೆ ಸರಿಸಿದ. ನಲವತ್ತು ವರ್ಷ ನೀಲಿಯಾಗಿದ್ದ ಕೈಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು.

“ಇವು ನಮ್ಮಪ್ಪನ ಕೈ ಅಲ್ರಿ. ಒಂದ ಬೆರಳಾರ ಬಿಡಬೇಕಿತ್ತು.”

“ಬೆರಳ ಬಿಟ್ರ ಊರ ಬಾವಿ ನೀಲಿ ಆಗತೈತವ್ವ.”

ಸಂಗವ್ವ ಆ ಕೈ ಹಿಡಿದು ಅಳತೊಡಗಿದಳು. ಅವಳೂ ಅದೇ ಕಾರ್ಖಾನೆಯವಳು, ಮೊಣಕೈವರೆಗೂ ನೀಲಿ. ಸ್ವಲ್ಪ ಹೊತ್ತಿಗೆ ಅಪ್ಪನ ಉಗುರಿನಿಂದ ಅಣಬೆಯ ಬಿಳಿ ಎಳೆಗಳೆದ್ದು ಅವಳ ಬೆರಳಿಗೆ ಸುತ್ತಿಕೊಂಡವು.

“ಕೈ ತಗಿಯವ್ವ,” ಹುಚ್ಚಪ್ಪ ಮೆಲ್ಲಗೆ ಹೇಳಿದ. “ನಿನ್ನ ಪಾಳಿ ಇನ್ನಾ ಬಂದಿಲ್ಲಂತ ಅದಕ್ಕ ಗೊತ್ತಾಗಂಗಿಲ್ಲ.”